ನಲಿ-ಕಲಿ ಮುಗಿಸಿ ನಾಲ್ಕನೇ ಕ್ಲಾಸಿಗೆ ಬಂದ ಮಗಳು ಯಾಕೆ ಮಂಕಾಗಿದ್ದಾಳೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಈ ಸಲ ನಾಲ್ಕನೇ ಕ್ಲಾಸು. ಮೂರನೇ ಕ್ಲಾಸಿನ ತನಕ ಶಾಲೆ ಅಂದ್ರೆ ಓಡಿ ಹೋಗ್ತಿದ್ದವಳು ಈಗ ಬೆಳಗ್ಗೆ ಎದ್ರೆ ಹೊಟ್ಟೆನೋವು ಅಂತಾಳೆ. ಪಾಠ ಗಟ್ಟಿಯಾಗಿ ಓದ್ತಾಳೆ, ಆದ್ರೆ ಪ್ರಶ್ನೆ ಕೇಳಿದ್ರೆ ಸುಮ್ನೆ ನಿಲ್ತಾಳೆ. ವರ್ಷದ ಮೊದಲ ಪರೀಕ್ಷೆ ಎಫ್‌ಎ-1ರಲ್ಲಿ ಪರಿಸರ ಅಧ್ಯಯನ, ಗಣಿತ ಎರಡರಲ್ಲೂ ಕಡಿಮೆ ಬಂದಿದೆ. ಬೋರ್ಡ್ ನೋಡಿ ಬರೆದುಕೊಂಡು ಬಂದದ್ದು ಅರ್ಧಂಬರ್ಧ ಇರುತ್ತೆ. ನಮ್ಮ ಭಾವ 'ಈಗ್ಲೇ ಟೌನಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿ, ಇಲ್ಲ ಅಂದ್ರೆ ಟ್ಯೂಷನ್ನಾದ್ರೂ ಇಡಿ, ಮುಂದಿನ ವರ್ಷ ನವೋದಯ ಪರೀಕ್ಷೆ ಬೇರೆ ಇದೆ' ಅಂತಿದ್ದಾರೆ. ನಾನು ಹತ್ತನೇ ಕ್ಲಾಸ್ ಓದಿದ್ದೀನಿ. ನಾಲ್ಕನೇ ಕ್ಲಾಸಿನಲ್ಲಿ ಮಗು ಏನು ಕಲಿಯುತ್ತೆ, ಶಾಲೆಯಿಂದ ನಾವು ಏನು ನಿರೀಕ್ಷೆ ಮಾಡಬಹುದು, ಮನೆಯಲ್ಲಿ ಏನು ಮಾಡಬೇಕು, ದಯವಿಟ್ಟು ತಿಳಿಸಿ.

ಉತ್ತರ: ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ ಅಮ್ಮಾ. ಈ ವರ್ಷ ಮಗಳ ಶಾಲೆ ಬದಲಿಸಬೇಡಿ. ಯಾಕೆ ಅಂತ ಮುಂದೆ ವಿವರವಾಗಿ ಬರೆಯುತ್ತೇನೆ. ಪ್ರಾಥಮಿಕ ಶಾಲೆಯಲ್ಲಿ 29 ವರ್ಷ ಪಾಠ ಮಾಡಿದ್ದೇನೆ. ಅದರಲ್ಲಿ ಹೆಚ್ಚಿನ ವರ್ಷ ನನ್ನ ಪಾಲಿಗೆ ಬಂದದ್ದು ನಾಲ್ಕು ಮತ್ತು ಐದನೇ ತರಗತಿ. ಜೂನ್‌ನಲ್ಲಿ ನಗುನಗುತ್ತಾ ಬಂದ ಮಗು ಆಗಸ್ಟ್ ಹೊತ್ತಿಗೆ ಮಂಕಾಗುವುದನ್ನು ವರ್ಷ ವರ್ಷವೂ ನೋಡಿದ್ದೇನೆ. ನಿಮ್ಮ ಮಗಳು ದಡ್ಡಿಯಾಗಿಲ್ಲ. ಅವಳ ಕಾಲಕೆಳಗಿನ ನೆಲ ಬದಲಾಗಿದೆ.

ಅವಳ ಕಡೆಯಿಂದ ನೋಡಿ. ಮೂರು ವರ್ಷ ಅವಳಿದ್ದದ್ದು ನಲಿ-ಕಲಿ ಕೋಣೆಯಲ್ಲಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ. ಸುತ್ತ ಕೂತು ಗುಂಪಿನಲ್ಲಿ ಕೆಲಸ, ಕೈಯಲ್ಲಿ ಕಾರ್ಡು, ಗೋಡೆಯ ಮೇಲೆ ಕಲಿಕಾ ಏಣಿ. ಏಣಿಯಲ್ಲಿ ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಅಂತ ಅವಳಿಗೇ ಗೊತ್ತಿರುತ್ತಿತ್ತು. ಒಂದು ಮೆಟ್ಟಿಲು ಮುಗಿಯದೆ ಮುಂದಕ್ಕೆ ಯಾರೂ ತಳ್ಳುತ್ತಿರಲಿಲ್ಲ. ಎರಡು ದಿನ ಜ್ವರ ಬಂದು ಮಲಗಿದ್ದರೂ, ವಾಪಸ್ ಬಂದಾಗ ಬಿಟ್ಟ ಕಡೆಯಿಂದಲೇ ಶುರು. ತಲೆಯ ಮೇಲಿನ ಚಪ್ಪರದಲ್ಲಿ ಅವಳು ಬರೆದ ಚಿತ್ರ ತೂಗುತ್ತಿತ್ತು. ಈ ಪದ್ಧತಿ 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ನಮ್ಮ ಮೇಷ್ಟ್ರುಗಳೇ ಅದನ್ನು ಇಲ್ಲಿಗೆ ಹೊಂದುವ ಹಾಗೆ ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಸಣ್ಣ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪದ್ಧತಿಯನ್ನು ನಾನಂತೂ ನೋಡಿಲ್ಲ.

ನಾಲ್ಕನೇ ತರಗತಿಯ ಬಾಗಿಲು ದಾಟಿದ ದಿನವೇ ಅದೆಲ್ಲ ನಿಂತುಹೋಗುತ್ತದೆ. ಕಾರ್ಡಿಲ್ಲ, ಏಣಿಯಿಲ್ಲ. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಅಂತ ನಾಲ್ಕು ಪುಸ್ತಕ. ಸುಮಾರು 40 ನಿಮಿಷದ ಪಿರಿಯಡ್. ಬೆಲ್ ಹೊಡೆದ ಕೂಡಲೇ ಗಣಿತ ಮುಚ್ಚಿ ಕನ್ನಡ ತೆಗೆಯಬೇಕು. ಎಲ್ಲರೂ ಒಂದೇ ಪುಟದಲ್ಲಿರಬೇಕು. ನಿನ್ನೆ ಬಾರದವಳಿಗೆ ಇವತ್ತಿನ ಪಾಠ ನಡುವಿನಿಂದ ಶುರುವಾಗುತ್ತದೆ. ದೊಡ್ಡವರಿಗೆ ಇದು ಚಿಕ್ಕ ಬದಲಾವಣೆ ಅನ್ನಿಸಬಹುದು. ಒಂಬತ್ತು ವರ್ಷದ ಮಗುವಿಗೆ ಇದು ಬೇರೆ ಊರಿಗೇ ಹೋದ ಹಾಗೆ.

ಇನ್ನೊಂದು ವಿಷಯ ನಿಮಗೆ ಗೊತ್ತಿರಬೇಕು. ನಿಮ್ಮೂರಿನದು ಐದನೇ ತರಗತಿ ತನಕ ಮಾತ್ರ ಇರುವ ಕಿರಿಯ ಪ್ರಾಥಮಿಕ ಶಾಲೆ ಆಗಿದ್ದರೆ, ಬಹುಶಃ ಇಬ್ಬರೇ ಶಿಕ್ಷಕರಿರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಒಬ್ಬರು ನಲಿ-ಕಲಿ ಕೋಣೆಯಲ್ಲಿರುತ್ತಾರೆ. ಇನ್ನೊಬ್ಬರು ನಾಲ್ಕು ಮತ್ತು ಐದು ಎರಡನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಎಂಟು ಪುಸ್ತಕದ ಪಾಠ ಮಾಡಬೇಕು. ಎಷ್ಟೋ ಕಡೆ ಮುಖ್ಯ ಶಿಕ್ಷಕರೂ ಅವರೇ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮಕ್ಕಳ ದಾಖಲೆ ಇಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ಗೆ ಮಾಹಿತಿ ತುಂಬುವುದು ಎಲ್ಲ ಅವರ ತಲೆಯ ಮೇಲೆ. ಐದನೆಯವರಿಗೆ ಪಾಠ ನಡೆಯುವಾಗ ನಾಲ್ಕನೆಯವರಿಗೆ ಬೋರ್ಡ್ ಮೇಲೆ ಬರೆದುಕೊಳ್ಳುವ ಕೆಲಸ ಕೊಡುತ್ತಾರೆ. ಅಂದರೆ ದಿನದ ಅರ್ಧ ಹೊತ್ತು ಮಗು ತಾನೇ ಓದಿ, ತಾನೇ ಅರ್ಥ ಮಾಡಿಕೊಂಡು ಕೆಲಸ ಮಾಡಬೇಕು. ಶಿಕ್ಷಕರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರಿಂದ ಎಷ್ಟು ಆಗುತ್ತದೆ, ನೀವು ಎಲ್ಲಿ ಕೈ ಜೋಡಿಸಬೇಕು ಅಂತ ತಿಳಿಯಲಿ ಅಂತ ಹೇಳುತ್ತಿದ್ದೇನೆ.

ಈಗ ನಿಮ್ಮ ಪತ್ರದ ಮುಖ್ಯ ಸಾಲಿಗೆ ಬರೋಣ. 'ಗಟ್ಟಿಯಾಗಿ ಓದ್ತಾಳೆ, ಪ್ರಶ್ನೆ ಕೇಳಿದ್ರೆ ಸುಮ್ನೆ ನಿಲ್ತಾಳೆ.' ನಾಲ್ಕನೇ ತರಗತಿಯ ಕಷ್ಟವೆಲ್ಲ ಈ ಒಂದು ಸಾಲಿನಲ್ಲಿದೆ. ಅಮೆರಿಕದಲ್ಲಿ ಮಕ್ಕಳ ಓದಿನ ಬಗ್ಗೆ ಅಧ್ಯಯನ ಮಾಡಿದ ಜೀನ್ ಚಾಲ್ ಅನ್ನುವವರು 1983ರಲ್ಲಿ ಓದಿನ ಹಂತಗಳನ್ನು ಬಿಡಿಸಿ ತೋರಿಸಿದರು. ಮೂರನೇ ತರಗತಿ ತನಕ ಮಗು ಓದುವುದನ್ನು ಕಲಿಯುತ್ತದೆ. ಅಲ್ಲಿಂದ ಮುಂದೆ ಓದಿ ಕಲಿಯುತ್ತದೆ. ಆ ತಿರುವಿನಲ್ಲಿ, ಅದರಲ್ಲೂ ಬಡವರ ಮನೆಯ ಮಕ್ಕಳು, ಅಲ್ಲಿಯವರೆಗೆ ಚೆನ್ನಾಗಿ ಓದುತ್ತಿದ್ದವರೂ ಇದ್ದಕ್ಕಿದ್ದ ಹಾಗೆ ಹಿಂದೆ ಬೀಳುತ್ತಾರೆ ಅಂತ ಅವರು ಗುರುತಿಸಿದರು. ಅದಕ್ಕೆ ನಾಲ್ಕನೇ ತರಗತಿಯ ಕುಸಿತ ಅಂತಲೇ ಹೆಸರು ಬಿತ್ತು. ದೇಶ ಬೇರೆ, ಭಾಷೆ ಬೇರೆ. ಆದರೆ ನನ್ನ ತರಗತಿಯಲ್ಲಿ ನಾನು ಕಂಡದ್ದೂ ಅದನ್ನೇ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ತಡವರಿಸದೆ ಓದುತ್ತಿದ್ದ. ಯಾರೇ ಶಾಲೆ ನೋಡಲು ಬಂದರೂ ಅವನನ್ನೇ ಎಬ್ಬಿಸಿ ಓದಿಸುತ್ತಿದ್ದೆ. ಒಮ್ಮೆ ಮಳೆನೀರಿನ ಪಾಠ. 'ಮಳೆಯ ನೀರು ಭೂಮಿಯಲ್ಲಿ ಇಂಗುತ್ತದೆ' ಅಂತ ಸೊಗಸಾಗಿ ಓದಿದ. ಇಂಗುವುದು ಅಂದ್ರೆ ಏನಪ್ಪಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, 'ಒಗ್ಗರಣೆಗೆ ಹಾಕ್ತಾರಲ್ಲ ಮಿಸ್, ಅದು' ಅಂದ. ಅವರ ಮನೆಯದು ಅಡಿಕೆ ತೋಟ. ನೀರು ಬಿಟ್ಟ ಮೇಲೆ ಏನಾಗುತ್ತೆ ಅಂದೆ. 'ಮಣ್ಣು ಕುಡ್ಕೊಂಬಿಡ್ತದೆ' ಅಂದ. ನೋಡಿ, ವಿಷಯ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಪುಸ್ತಕದ ಮಾತು ಮಾತ್ರ ಗೊತ್ತಿರಲಿಲ್ಲ. ಎರಡು ತಿಂಗಳಿಂದ ಅವನು ಅರ್ಥವಿಲ್ಲದೆ ಓದುತ್ತಿದ್ದ. ನಾನು ಅವನ ಓದಿನ ಚಂದ ನೋಡಿ ಖುಷಿಪಡುತ್ತಿದ್ದೆ. ಆ ದಿನದಿಂದ ನಾನು ಮಕ್ಕಳ ಓದನ್ನು ಕಿವಿಯಿಂದ ಅಳೆಯುವುದು ಬಿಟ್ಟೆ.

ಇಷ್ಟು ದಿನ ಗೊತ್ತಾಗದೆ ಇದ್ದದ್ದು ಹೇಗೆ ಅಂತ ನೀವು ಕೇಳಬಹುದು. ಈ ಸಾಲು ಓದಿ: 'ಗಬಕಗಳು ಮೊಟೆಯಿಂದ ಚಿಮವನ್ನು ಹೀರಿಕೊಳ್ಳುತ್ತವೆ.' ಈಗ ಪ್ರಶ್ನೆ: ಗಬಕಗಳು ಏನನ್ನು ಹೀರಿಕೊಳ್ಳುತ್ತವೆ? ನೀವು ಥಟ್ಟನೆ ಚಿಮವನ್ನು ಅನ್ನುತ್ತೀರಿ. ಉತ್ತರ ಸರಿ, ಪೂರ್ತಿ ಅಂಕ. ಆದರೆ ಗಬಕ ಅನ್ನುವುದೇ ಇಲ್ಲ, ಆ ಪದವನ್ನು ನಾನೀಗ ಕಟ್ಟಿದ್ದು. ಪಾಠದ ಕೊನೆಯ ಎಷ್ಟೋ ಪ್ರಶ್ನೆಗಳಿಗೆ ಮಕ್ಕಳು ಉತ್ತರ ಹುಡುಕುವುದು ಹೀಗೆಯೇ. ಪ್ರಶ್ನೆಯ ಪದ ಪಾಠದಲ್ಲಿ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಿ, ಆ ಸಾಲನ್ನು ಇಳಿಸಿಕೊಳ್ಳುತ್ತಾರೆ. ನೋಟ್‌ಬುಕ್ ತುಂಬಾ ಸರಿ ಗುರುತು ಇರುತ್ತದೆ. 'ಯಾಕೆ' ಅಂತ ಕೇಳಿದಾಗ ಮಾತ್ರ ಮಗು ನಿಂತುಬಿಡುತ್ತದೆ, ಯಾಕೆಂದರೆ ಅದಕ್ಕೆ ಉತ್ತರ ಯಾವುದೇ ಒಂದು ಸಾಲಿನಲ್ಲಿ ಇರುವುದಿಲ್ಲ. ನಿಮ್ಮ ಮಗಳು ಸುಮ್ಮನೆ ನಿಲ್ಲುತ್ತಾಳೆ ಅಂದಿರಲ್ಲ, ನನಗದು ಒಳ್ಳೆಯ ಲಕ್ಷಣವಾಗಿಯೇ ಕಾಣುತ್ತದೆ. ಗೊತ್ತಿಲ್ಲ ಅನ್ನುವುದು ಅವಳಿಗೆ ಗೊತ್ತಿದೆ.

ನಮ್ಮ ಲಿಪಿಯ ವಿಷಯವೂ ಇದೆ. ಕನ್ನಡದಲ್ಲಿ 49 ಅಕ್ಷರ ಅಂತ ಹೇಳುತ್ತೇವೆ. ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ಮೂರು ನಾಲ್ಕನೇ ತರಗತಿಯಲ್ಲೂ ನಡೆಯುತ್ತಲೇ ಇರುತ್ತದೆ ಅಂತ ತೋರಿಸಿದ್ದಾರೆ. ಹಾಗಾಗಿ ನಿಮ್ಮ ಮಗಳು 'ಸೂರ್ಯ'ವನ್ನು 'ಸೂಯರ್' ಅಂದರೆ ಗಾಬರಿಯಾಗಬೇಡಿ. ಅರ್ಕಾವೊತ್ತನ್ನು ಬರೆಯುವುದು ಆಮೇಲೆ, ಓದುವುದು ಮೊದಲು. ಎಂಥ ಮಗುವೂ ಅಲ್ಲಿ ಒಮ್ಮೆ ಎಡವುತ್ತದೆ. 'ರಾಷ್ಟ್ರ', 'ಶಾಸ್ತ್ರ' ತರಹ ಎರಡೆರಡು ಒತ್ತು ಬರುವ ಪದಗಳೂ ಹಾಗೆಯೇ. ಲ-ಳ, ಸ-ಶ-ಷ ಇವುಗಳ ಗೊಂದಲ ಇನ್ನೂ ಒಂದೆರಡು ವರ್ಷ ಇದ್ದರೂ ತಪ್ಪೇನಿಲ್ಲ. ಆದರೆ ದಸರಾ ಹೊತ್ತಿಗೂ ಸಾದಾ ಕಾಗುಣಿತ, ಅಂದರೆ ಕಿ-ಕೀ, ಕೆ-ಕೇ, ಕೊ-ಕೋ ಇವುಗಳಲ್ಲೇ ತಡಕಾಡುತ್ತಿದ್ದರೆ ಆಗ ಶಿಕ್ಷಕರ ಹತ್ತಿರ ಕೂತು ಮಾತಾಡಬೇಕು.

ಮನೆಯಲ್ಲಿ ಏನು ಮಾಡಬೇಕು? ನಾನು ಹೇಳುವ ಕೆಲಸ ದಿನಕ್ಕೆ 20 ನಿಮಿಷದ್ದು. ರಾತ್ರಿ ಊಟಕ್ಕೆ ಮುಂಚೆ, ಟಿವಿ ಆರಿಸಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾಳೆ ಶಾಲೆಯಲ್ಲಿ ಬರುವ ಪಾಠದ ಒಂದೇ ಒಂದು ಪ್ಯಾರಾ ತೆಗೆಯಿರಿ. ಮೊದಲು ನೀವು ಓದಿ, ಆಮೇಲೆ ಅವಳು ಓದಲಿ. ಪುಸ್ತಕ ಮುಚ್ಚಿ. 'ಏನಂತೆ, ಅಜ್ಜಿಗೆ ಹೇಳು' ಅನ್ನಿ. ಅವಳು ನಿಮ್ಮ ಮನೆಯ ಮಾತಿನಲ್ಲೇ ಹೇಳಲಿ. 'ಮಣ್ಣು ನೀರು ಕುಡ್ಕೊಂಬಿಡ್ತದಂತೆ ಅಜ್ಜಿ' ಅಂದರೆ ಸಾಕು, ಪಾಠ ಒಳಗೆ ಹೋಗಿದೆ. ಆಮೇಲೆ 'ಅದಕ್ಕೆ ಪುಸ್ತಕದಲ್ಲಿ ಇಂಗುತ್ತೆ ಅಂತಾರೆ' ಅಂತ ನೀವು ಸೇರಿಸಿ. ಮನೆಮಾತಿನಿಂದ ಪುಸ್ತಕದ ಮಾತಿಗೆ ಹಾಕುವ ಈ ಸಂಕವೇ ಅವಳಿಗೀಗ ಬೇಕಾಗಿರುವುದು. ಓದುವಾಗ ಪ್ರತಿ ತಪ್ಪಿಗೂ ತಡೆಯಬೇಡಿ. ಸಾಲು ಮುಗಿಯಲಿ, ಆಮೇಲೆ ಆ ಒಂದು ಪದಕ್ಕೆ ಮಾತ್ರ ವಾಪಸ್ ಹೋಗಿ. ಶಿಕ್ಷಕರಿಗಿಂತ ಮುಂಚೆ ಪಾಠ ಓದಿಸಿದರೆ ಕೆಟ್ಟುಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಮ್ಮೆ ಕಣ್ಣಾಡಿಸಿದ ಪಾಠವನ್ನು ಮಾರನೇ ದಿನ ತರಗತಿಯಲ್ಲಿ ಕೇಳುವ ಮಗುವಿನ ಮುಖವೇ ಬೇರೆ ಇರುತ್ತದೆ.

ಪಠ್ಯಪುಸ್ತಕ ಒಂದರಿಂದಲೇ ಓದು ಗಟ್ಟಿಯಾಗುವುದಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಅವಳನ್ನು ಕರೆದುಕೊಂಡು ಹೋಗಿ. ಅರಿವು ಕೇಂದ್ರ ಅಂತ ಬೋರ್ಡ್ ಇರಬಹುದು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡುತ್ತಾರೆ. ವಾರಕ್ಕೊಂದು ತೆಳ್ಳಗಿನ ಕಥೆಪುಸ್ತಕ ಬಂದರೆ ಸಾಕು. ಎರಡನೇ ಕ್ಲಾಸಿನವರ ಪುಸ್ತಕ ಆರಿಸಿಕೊಂಡರೂ ಬೇಡ ಅನ್ನಬೇಡಿ. ಸುಲಭದ ಪುಸ್ತಕ ಜಾಸ್ತಿ ಓದಿದ ಮಗುವೇ ಕಷ್ಟದ ಪುಸ್ತಕಕ್ಕೆ ಕೈ ಹಾಕುತ್ತದೆ.

ಬರವಣಿಗೆಯಲ್ಲೂ ಇಂಥದೇ ಬದಲಾವಣೆ. ಮೂರನೆಯ ತನಕ ಪದ, ಚಿಕ್ಕ ವಾಕ್ಯ. ಈಗ ಸ್ವಂತ ವಾಕ್ಯದಲ್ಲಿ ಐದಾರು ಸಾಲು ಬರೆಯಲು ಹೇಳುತ್ತಾರೆ. ಮಕ್ಕಳು ಬಾಯಲ್ಲಿ ಆಡಿದ ಹಾಗೇ ಬರೆಯುತ್ತಾರೆ, 'ನಾನು ಅಜ್ಜಿ ಮನೆಗೆ ಹೋಗಿದ್ದೆ, ಅಲ್ಲಿ ಕರ ಇತ್ತು' ಅಂತ. ಕೆಂಪು ಪೆನ್ನು ತೆಗೆಯಬೇಡಿ. ಆ ಕರು ಯಾವ ಬಣ್ಣ ಇತ್ತು ಅಂತ ಕೇಳಿ. ಇನ್ನೊಂದು ಸಾಲು ತಾನಾಗಿ ಬರುತ್ತದೆ. ಕಾಪಿ ಬರೆಸಿದರೆ ಅಕ್ಷರ ದುಂಡಗಾಗುತ್ತದೆ, ನಿಜ. ಯೋಚನೆ ಬೆಳೆಯುವುದು ಸ್ವಂತ ಸಾಲಿನಿಂದ.

ಗಣಿತಕ್ಕೆ ಬರೋಣ. ನಾಲ್ಕನೇ ತರಗತಿಯಲ್ಲಿ ಸಂಖ್ಯೆ ನಾಲ್ಕು ಅಂಕಿಗೆ ಹೋಗುತ್ತದೆ. ಕೂಡುವುದು, ಕಳೆಯುವುದು, ಗುಣಾಕಾರ, ಭಾಗಾಕಾರ ನಾಲ್ಕೂ ದೊಡ್ಡದಾಗುತ್ತವೆ. ಭಿನ್ನರಾಶಿ, ಸುತ್ತಳತೆ, ವಿಸ್ತೀರ್ಣ, ವೃತ್ತ, ತೂಕ, ಸಮಯ, ಹಣ ಎಲ್ಲ ಇವೆ. ನನಗೆ ಸಿಕ್ಕ ಮಕ್ಕಳಲ್ಲಿ ಹೆಚ್ಚಿನವರು ಎಡವಿದ್ದು ಎರಡೇ ಜಾಗದಲ್ಲಿ.

ಒಂದು, ಸೊನ್ನೆ ಇರುವ ಕಳೆಯುವ ಲೆಕ್ಕ. ಮಗಳಿಗೆ 5003ರಲ್ಲಿ 1786 ಕಳೆಯಲು ಕೊಡಿ. 3217 ಬಂದರೆ ಸರಿ. 4783 ಬರೆದರೆ ಅದು ಅಜಾಗ್ರತೆಯ ತಪ್ಪಲ್ಲ, ಅವಳಿಗೆ ಒಂದು ನಿಯಮ ತಪ್ಪಾಗಿ ಕೂತಿದೆ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆಯುತ್ತಿದ್ದಾಳೆ. ಅದೇ ತರಹದ ಲೆಕ್ಕ ಇನ್ನೂ ಇಪ್ಪತ್ತು ಮಾಡಿಸಿದರೆ ಇಪ್ಪತ್ತೂ ತಪ್ಪೇ ಬರುತ್ತದೆ. ದುಡ್ಡಿನಲ್ಲಿ ತೋರಿಸಿ. ನೂರರ ಒಂದು ನೋಟು ಕೊಟ್ಟು 'ನನಗೆ ಏಳು ರೂಪಾಯಿ ಕೊಡು' ಅನ್ನಿ. ಚಿಲ್ಲರೆ ಇಲ್ಲ ಅನ್ನುತ್ತಾಳೆ. ನೂರನ್ನು ಹತ್ತು ಹತ್ತರ ನೋಟು ಮಾಡಿ, ಅದರಲ್ಲಿ ಒಂದು ಹತ್ತನ್ನು ಹತ್ತು ಒಂದರ ನಾಣ್ಯ ಮಾಡಿ ಕೊಡಲಿ. ಸಾಲ ತೆಗೆಯುವುದು ಅಂದರೆ ಇಷ್ಟೇ, ಚಿಲ್ಲರೆ ಮಾಡಿಸುವುದು. ಕೈಯಲ್ಲಿ ನಾಲ್ಕು ದಿನ ಆಡಿದರೆ ಪುಸ್ತಕದಲ್ಲಿ ತಾನಾಗಿ ಬರುತ್ತದೆ.

ಇನ್ನೊಂದು, ವಾಕ್ಯದಲ್ಲಿ ಕೊಡುವ ಲೆಕ್ಕ. ಮಗ್ಗಿ ಬಾಯಿಪಾಠ ಇರುತ್ತದೆ, 245ನ್ನು 7ರಿಂದ ಭಾಗಿಸು ಅಂದರೆ ಮಾಡುತ್ತಾರೆ. '245 ಕಾಯಿಯನ್ನು 7 ಚೀಲಕ್ಕೆ ಸಮನಾಗಿ ತುಂಬಿದರೆ ಒಂದೊಂದು ಚೀಲದಲ್ಲಿ ಎಷ್ಟು?' ಅಂದರೆ 'ಕೂಡೋದಾ, ಕಳೆಯೋದಾ ಮಿಸ್?' ಅಂತ ಕೇಳುತ್ತಾರೆ. ಇದೂ ಕೊನೆಗೆ ಓದಿನ ತೊಂದರೆಯೇ. ಲೆಕ್ಕಕ್ಕೆ ಮುಂಚೆ ಅದು ಒಂದು ಕಥೆ. ಕಥೆಯನ್ನು ಚಿತ್ರ ಬರೆದು ತೋರಿಸು ಅನ್ನಿ. ಏಳು ಚೀಲ ಬರೆದ ಮಗು ಕೂಡಬೇಕಾ ಅಂತ ಕೇಳುವುದಿಲ್ಲ. ನಿಮ್ಮ ಸೀಮೆಯಲ್ಲಿ ತೆಂಗಿಗೇನೂ ಬರವಿಲ್ಲ. ಕಾಯಿ ಎಣಿಸುವಾಗ, ಕೊಬ್ಬರಿ ತೂಗಿಸುವಾಗ ಅವಳನ್ನು ಹತ್ತಿರ ನಿಲ್ಲಿಸಿಕೊಳ್ಳಿ. ಭಿನ್ನರಾಶಿಗೂ ಕಾಯಿಯೇ ಆಗುತ್ತದೆ. ಒಡೆದ ಕಾಯಿಯ ಎರಡು ಹೋಳನ್ನು ಅವಳ ಮುಂದೆ ಇಟ್ಟು 'ಇದು ಅರ್ಧ ಅರ್ಧವಾ?' ಅಂತ ಕೇಳಿ. ಒಂದು ಹೋಳು ದೊಡ್ಡದಿದ್ದರೆ ಅದು ಅರ್ಧವಲ್ಲ ಅಂತ ಅವಳೇ ಹೇಳಲಿ. ಸಮ ಭಾಗ ಅನ್ನುವ ಮಾತು ಆಗ ಮನಸ್ಸಿಗೆ ಇಳಿಯುತ್ತದೆ. ಎರಡಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ ಅರ್ಧಕ್ಕಿಂತ ಕಾಲು ದೊಡ್ಡದು ಅಂದುಕೊಂಡ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಒಂದು ರೊಟ್ಟಿಯಲ್ಲಿ ಅದು ಬಗೆಹರಿಯುತ್ತದೆ.

ಪರಿಸರ ಅಧ್ಯಯನದಲ್ಲಿ ಅಂಕ ಕಡಿಮೆ ಅಂದಿರಿ. ನಾಲ್ಕೂ ಪುಸ್ತಕದಲ್ಲಿ ನಿಮ್ಮ ಮನೆಗೆ ಹತ್ತಿರದ ಪುಸ್ತಕ ಅದೇ. ಪ್ರಾಣಿ, ಬೇರು, ಹೂವು, ನೀರು, ಆಹಾರ, ಮನೆ, ಕಸ, ದಿಕ್ಕು, ನಕ್ಷೆ. ಹಿರಿಯರನ್ನು ಕೇಳಿ ಬರೆ, ಹೊರಗೆ ಹೋಗಿ ನೋಡಿ ಬರೆ ಅಂತ ತುಂಬಾ ಕಡೆ ಇರುತ್ತದೆ. ಅದನ್ನೆಲ್ಲ ಅಂಗಡಿಯ ಚಾರ್ಟು ತಂದು ಅಂಟಿಸಿ ಮುಗಿಸುವ ಮನೆಗಳನ್ನು ನೋಡಿ ನನಗೆ ಬೇಜಾರಾಗಿದೆ. ಊರ ಕೆರೆ ಮೊದಲು ಎಲ್ಲಿಯ ತನಕ ತುಂಬುತ್ತಿತ್ತು ಅಂತ ಅವಳ ತಾತನಿಗೆ ಗೊತ್ತು. ಅವಳು ಕೇಳಲಿ, ಅವರು ಹೇಳಲಿ.

ಇಂಗ್ಲಿಷ್ ಬಗ್ಗೆ ಸ್ವಲ್ಪ ಹೇಳಿದರೆ ಸಾಕು. ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ನಾಲ್ಕರಲ್ಲಿ ಹಾಡು, ಚಿಕ್ಕ ಕಥೆ, ಚಿಕ್ಕ ವಾಕ್ಯ ಓದಿ ಅರ್ಥ ಹೇಳುವಷ್ಟು ಬಂದರೆ ಒಳ್ಳೆಯದು. ಪಟಪಟ ಮಾತಾಡುವುದನ್ನು ಈಗಲೇ ಕೇಳಬೇಡಿ.

ಈಗ ಅಂಕ. ವರ್ಷದಲ್ಲಿ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುನಡುವೆ ಮಾಡುವ), ಎರಡು ಸಂಕಲನಾತ್ಮಕ (ಅರ್ಧ ವರ್ಷದ ಕೊನೆಗೆ ಮಾಡುವ) ಮೌಲ್ಯಮಾಪನ. ಎಫ್‌ಎ, ಎಸ್‌ಎ ಅನ್ನುವುದು ಇವನ್ನೇ. ಎಫ್‌ಎ-1 ಇರುವುದು ಮಗು ಎಲ್ಲಿ ನಿಂತಿದೆ ಅಂತ ಶಿಕ್ಷಕರಿಗೆ ತಿಳಿಯುವುದಕ್ಕೆ. ಎರಡೇ ತಿಂಗಳು ಹೊಸ ತರಗತಿಯಲ್ಲಿ ಕೂತ ಮಗುವಿನ ಅಂಕ ಅದು. ನಾಲ್ಕನೇ ತರಗತಿಯಲ್ಲಿ ಯಾರನ್ನೂ ಫೇಲ್ ಮಾಡುವಂತಿಲ್ಲ. ಶಾಲೆಗೆ ಹೋದಾಗ ಅಂಕಪಟ್ಟಿಯ ಬದಲು ಮಗಳ ಕೃತಿ ಸಂಪುಟ ತೋರಿಸಿ ಅಂತ ಕೇಳಿ. ಅವಳು ಬರೆದ, ಬಿಡಿಸಿದ ಹಾಳೆಗಳೆಲ್ಲ ಅದರಲ್ಲಿರುತ್ತವೆ. ಯಾವ ಪ್ರಶ್ನೆ ಬಿಟ್ಟಿದ್ದಾಳೆ, ಯಾವುದು ತಪ್ಪಿದ್ದಾಳೆ ಅಂತ ಇಬ್ಬರೂ ಕೂತು ನೋಡಿ. 'ನನ್ನ ಮಗಳು ಹೇಗೆ ಓದ್ತಾಳೆ' ಅಂತ ಕೇಳಿದರೆ 'ಪರವಾಗಿಲ್ಲಮ್ಮ' ಅನ್ನುವ ಉತ್ತರ ಬರುತ್ತದೆ. 'ಅವಳು ಯಾರ ಪಕ್ಕ ಕೂರ್ತಾಳೆ, ಯಾವ ಪಿರಿಯಡ್‌ನಲ್ಲಿ ಕೈ ಎತ್ತುತ್ತಾಳೆ, ಈ ತಿಂಗಳು ಮನೆಯಲ್ಲಿ ಒಂದೇ ಒಂದು ವಿಷಯ ಮಾಡಿಸೋದಾದ್ರೆ ಏನು ಮಾಡಿಸಲಿ' ಅಂತ ಕೇಳಿ. ಹೀಗೆ ಕೇಳಿದ ತಾಯಿಯ ಮಗುವನ್ನು ಯಾವ ಶಿಕ್ಷಕರೂ ಮರೆಯುವುದಿಲ್ಲ.

ನಿಮ್ಮ ಭಾವನವರ ಮಾತಿನ ಹಿಂದೆ ಕಾಳಜಿ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೀಡಿಯಂ ಬದಲಿಸಲು ನಾಲ್ಕನೇ ತರಗತಿಯ ನಡುವಿಗಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಪುಸ್ತಕದ ಕನ್ನಡವೇ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಓದಿ ಅರ್ಥ ಮಾಡಿಕೊಳ್ಳುವುದನ್ನು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಅದೇ ಗಣಿತ, ಅದೇ ಪರಿಸರವನ್ನು ಗೊತ್ತಿಲ್ಲದ ಭಾಷೆಯಲ್ಲಿ ಕೊಟ್ಟರೆ ಬಾಯಿಪಾಠ ಬಿಟ್ಟು ಅವಳಿಗೆ ಬೇರೆ ದಾರಿ ಇರುವುದಿಲ್ಲ. ನಾನು ಹೇಳಿದ ಗಬಕದ ಸಾಲನ್ನು ದಿನವಿಡೀ ಓದಿದ ಹಾಗಾಗುತ್ತದೆ. ಟ್ಯೂಷನ್ ಬಗ್ಗೆಯೂ ಅಷ್ಟೇ. ಹದಿನೈದು ಮಕ್ಕಳನ್ನು ಕೂರಿಸಿ ಶಾಲೆಯ ಪ್ರಶ್ನೋತ್ತರವನ್ನೇ ಮತ್ತೆ ಬರೆಸುವ ಟ್ಯೂಷನ್ ಆದರೆ, ಅದರ ಬದಲು ಅವಳು ಆ ಒಂದು ಗಂಟೆ ಕುಂಟೆಬಿಲ್ಲೆ ಆಡಲಿ.

ನವೋದಯದ ಕನಸು ಒಳ್ಳೆಯದೇ. ಒಂದು ನವೋದಯ ಶಾಲೆಗೆ ಆರನೇ ತರಗತಿಗೆ ಹೆಚ್ಚೆಂದರೆ 80 ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಕನಿಷ್ಠ 75 ಶೇಕಡಾ ಸೀಟು ಹಳ್ಳಿಯ ಮಕ್ಕಳಿಗೆ. ಪರೀಕ್ಷೆ ಬರೆಯುವುದು ಐದನೇ ತರಗತಿಯಲ್ಲಿದ್ದಾಗ, ಕನ್ನಡದಲ್ಲೇ ಬರೆಯಬಹುದು. 2 ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು, 20 ಅಂಕಗಣಿತ, 20 ಭಾಷೆ. ಭಾಷೆಯ ಪ್ರಶ್ನೆಗಳು ಒಂದು ಭಾಗ ಕೊಟ್ಟು ಓದಿ ಅರ್ಥ ಹೇಳು ಅನ್ನುವಂಥವು. ಅಂದರೆ ಅಲ್ಲಿಗೂ ಬೇಕಾಗಿರುವುದು ನಾವು ಇಷ್ಟು ಹೊತ್ತು ಮಾತಾಡಿದ್ದೇ, ಅರ್ಥ ಮಾಡಿಕೊಂಡು ಓದುವುದು ಮತ್ತು ಗಟ್ಟಿ ಲೆಕ್ಕ. ಈ ವರ್ಷ ಕೋಚಿಂಗ್ ಪುಸ್ತಕ ಮುಟ್ಟಬೇಡಿ. ಮುಂದಿನ ವರ್ಷ ನೋಡಿದರೆ ಸಾಕು.

ಹೊಟ್ಟೆನೋವಿನ ಬಗ್ಗೆ. ಭಾನುವಾರ, ಹಬ್ಬದ ದಿನ ನೋವು ಇರುವುದಿಲ್ಲವಾ ಅಂತ ಗಮನಿಸಿ. ಇರುವುದಿಲ್ಲ ಅಂದರೂ ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ಅಲ್ಲ. ಈ ವಯಸ್ಸಿನಲ್ಲಿ ಭಯ ಹೊಟ್ಟೆಯಲ್ಲೇ ಕೂರುತ್ತದೆ, ನಿಜವಾಗಿಯೂ ನೋಯುತ್ತದೆ. ಒಂಬತ್ತು ವರ್ಷಕ್ಕೆ ಮಕ್ಕಳಿಗೆ ಪಕ್ಕದವರ ಜೊತೆ ತಮ್ಮನ್ನು ಹೋಲಿಸಿಕೊಳ್ಳುವ ಬುದ್ಧಿ ಬಂದಿರುತ್ತದೆ. ಯಾರು ನಕ್ಕರು, ಯಾರು ಜೊತೆಗೆ ಸೇರಿಸಿಕೊಳ್ಳಲಿಲ್ಲ ಅನ್ನುವುದೇ ದೊಡ್ಡ ವಿಷಯ. 'ಇವತ್ತು ಏನು ಕಲಿತೆ' ಅಂತ ಕೇಳುವ ಬದಲು 'ಬಿಸಿಯೂಟಕ್ಕೆ ಯಾರ ಜೊತೆ ಕೂತಿದ್ದೆ' ಅಂತ ಕೇಳಿ ನೋಡಿ. ತರಗತಿಯಲ್ಲಿ ಹೊಡೆತ ಬಿದ್ದಿದ್ದರೂ ಮಗು ಹೀಗೆ ಆಡುತ್ತದೆ. ಹೊಡೆಯುವುದನ್ನು, ಹೀಯಾಳಿಸುವುದನ್ನು ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅಂಥದೇನಾದರೂ ಇದ್ದರೆ ಮೊದಲು ಶಿಕ್ಷಕರ ಹತ್ತಿರ, ಆಮೇಲೆ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿ ಮಾತಾಡಿ.

ಯಾವಾಗ ನಿಜವಾಗಿ ಚಿಂತೆ ಮಾಡಬೇಕು ಅಂತ ಗೊತ್ತಾಗಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಪ್ರಥಮ್ ಸಂಸ್ಥೆಯವರು ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯಲ್ಲಿ 2005ರಿಂದ ಮಾಡುತ್ತಿರುವಂಥದೇ ಇದು. ಎರಡನೇ ತರಗತಿ ಮಟ್ಟದ, ಎಂಟು ಹತ್ತು ಸಾಲಿನ ಒಂದು ಕಥೆ ಓದಿಸಿ. ಸಾಲ ತೆಗೆಯುವ ಎರಡಂಕಿಯ ಕಳೆಯುವ ಲೆಕ್ಕ ಕೊಡಿ. ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಕೊಡಿ. ಭಾಗಾಕಾರ ಈಗ ಬರದಿದ್ದರೂ ಪರವಾಗಿಲ್ಲ, ಮಾರ್ಚ್ ತನಕ ಸಮಯವಿದೆ. ಕಥೆ ಓದಲು ಆಗುತ್ತಿಲ್ಲ, ಮೂರು ತಿಂಗಳು ದಿನವೂ ಕೂರಿಸಿದರೂ ಅಕ್ಷರ ನಿಲ್ಲುತ್ತಿಲ್ಲ, ಬಾಯಲ್ಲಿ ಜಾಣತನದ ಮಾತಾಡುವವಳು ಬರೆಯಲು ಕೂತರೆ ಅಳುತ್ತಾಳೆ ಅಂದರೆ ಕಲಿಕೆಯ ತೊಂದರೆ ಇದೆಯಾ ಅಂತ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಪರೀಕ್ಷೆ ಮಾಡುತ್ತಾರೆ. ನಿಮ್ಮ ಪತ್ರ ನೋಡಿದರೆ ಅಂಥದೇನೂ ನನಗೆ ಕಾಣುತ್ತಿಲ್ಲ.

ಆದರೆ ಒಂದು ಸಾಲನ್ನು ಎರಡು ಮೂರು ಸಲ ಓದಿದೆ. 'ಬೋರ್ಡ್ ನೋಡಿ ಬರೆದುಕೊಂಡು ಬಂದದ್ದು ಅರ್ಧಂಬರ್ಧ ಇರುತ್ತೆ' ಅಂದಿದ್ದೀರಿ. ಮರೆಯದೆ ಇರಲಿ ಅಂತ ಇದನ್ನು ಕೊನೆಗೆ ಇಟ್ಟಿದ್ದೇನೆ. ನಲಿ-ಕಲಿಯಲ್ಲಿ ಕಾರ್ಡು ಕೈಯಲ್ಲೇ ಇರುತ್ತಿತ್ತು, ದೂರ ನೋಡುವ ಕೆಲಸ ಅಷ್ಟಾಗಿ ಇರಲಿಲ್ಲ. ಕಣ್ಣಿನ ತೊಂದರೆ ಇದ್ದರೆ ಅದು ಮೊದಲ ಸಲ ಗೊತ್ತಾಗುವುದೇ ನಾಲ್ಕನೇ ತರಗತಿಯ ಬೋರ್ಡಿನ ಮುಂದೆ. ಮಗುವಿಗೆ ತನಗೆ ಕಾಣುತ್ತಿಲ್ಲ ಅನ್ನುವುದು ಗೊತ್ತಿರುವುದಿಲ್ಲ, ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ಇವತ್ತು ಸಂಜೆ ಗೋಡೆಯ ಕ್ಯಾಲೆಂಡರಿನಿಂದ ಹತ್ತು ಹನ್ನೆರಡು ಅಡಿ ದೂರ ನಿಲ್ಲಿಸಿ, ಒಂದೊಂದು ಕಣ್ಣು ಮುಚ್ಚಿಸಿ ತಾರೀಖು ಓದಿಸಿ. ಕಣ್ಣು ಕಿರಿದು ಮಾಡಿದರೆ, ತಲೆ ಓರೆ ಮಾಡಿದರೆ ತಡ ಮಾಡಬೇಡಿ. ವರ್ಷಕ್ಕೊಮ್ಮೆ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮವಾದ ಆರ್‌ಬಿಎಸ್‌ಕೆ ಆರೋಗ್ಯ ತಂಡ ಶಾಲೆಗೆ ಬರುತ್ತದೆ, ಆದರೆ ಅದಕ್ಕೆ ಕಾಯುವುದು ಬೇಡ. ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ. ಅಲ್ಲಿಯ ತನಕ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಅಂತ ನಾಳೆಯೇ ಮೇಷ್ಟ್ರಿಗೆ ಹೇಳಿ. ಡಾಕ್ಟರ್ ಏನು ಹೇಳಿದರು ಅಂತ ನನಗೂ ಒಂದು ಸಾಲು ಬರೆಯಿರಿ.